ಒಂದು ಮಗ್ಗಲು ಉಳಿದ ಕಾರು

ನನಗೆ ಹೆದರಿಕೆಯಾದರೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ಮನೆಯವರೆಲ್ಲ ನನ್ನ ಸಿಟ್ಟಿಗೆ ಬೇಸತ್ತಿದ್ದರು. ನಾಲ್ಕು ವರ್ಷದ ಮಗಳ ಹೃದಯದಲ್ಲಿ ತೂತಿತ್ತು. ಓಡಿದರೆ ತುಟಿ ನೀಲಿಯಾಗುತ್ತಿತ್ತು. ವೆಲ್ಲೂರಿಗೆ ಒಯ್ದು ಆಪರೇಷನ್ ಮಾಡಿಸಿ, ತಡ ಮಾಡಬೇಡಿ ಎಂದಿದ್ದರು ಡಾಕ್ಟರು. ಅದಕ್ಕೆ ನಮ್ಮಲ್ಲಿ ಮಾರಲು ಇದ್ದದ್ದು ಸಿರುಗುಪ್ಪದಲ್ಲಿ, ಅಪ್ಪನ ಭತ್ತದ ಗೋದಾಮಿನಲ್ಲಿ ನಿಂತಿದ್ದ ಬ್ರಿಟಿಷರ ಕಾಲದ ಕಪ್ಪು ಕಾರು.

ಹಳೆಯ ಕಾರು ಕೂಡಿಡುವ ಹುಚ್ಚಿನ ಸಾಹುಕಾರರೊಬ್ಬರು ಹೈದರಾಬಾದಿನಿಂದ ನೋಡಲು ಬರುವವರಿದ್ದರು. ಹಿಂದಿನ ದಿನ ಅಪ್ಪ ಬಸ್ ಕಂಡಕ್ಟರನ ಮೂಲಕ ಹೇಳಿಕಳಿಸಿದ: "ಗಾಡಿ ಕುರುಗೋಡಿಗೆ ಒಯ್ದೀನಿ, ಬಣ್ಣ ಹಚ್ಚಸಾಕ. ಅಲ್ಲಿಗೇ ಕರಕೊಂಡು ಬರ್ರಿ." ನಮ್ಮ ಕಡೆ ಎತ್ತು ಮಾರುವ ಮುಂಚೆ ಮೈತೊಳೆದು, ಕೊಂಬು ಹೆರೆದು, ಬಣ್ಣ ಬಳಿದೇ ಸಂತೆಗೆ ಹೊಡೆಯುವುದು. ಅಪ್ಪ ಮಾಡಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಖುಷಿಯೇ ಆಯಿತು.

ಬೆಳಿಗ್ಗೆಯೇ ಸಾಹುಕಾರರು ಬಳ್ಳಾರಿಗೆ, ಪಾರ್ವತಿನಗರದ ನಮ್ಮ ಮನೆಗೆ ಜೀಪು ಓಡಿಸಿಕೊಂಡು ಬಂದರು. ನನ್ನ ಗಂಡ ಅವರ ಪಕ್ಕ ಕೂತರು, ಮಗಳನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ ಕೂತೆ. ಹಳೇ ಕಾರಿಗೆ ಬೆಲೆ ಹೇಗೆ ಕಟ್ಟುತ್ತೀರಿ ಎಂದು ಗಂಡ ಕೇಳಿದರು. ಅವರು ತೆಲುಗಿನಲ್ಲಿ ಹುರುಪಿನಿಂದ ಹೇಳತೊಡಗಿದರು. ಅಂಥ ಕಾರು ಎಷ್ಟು ಉಳಿದಿವೆ ಎಂಬುದು ಮೊದಲು. ಎಂಜಿನ್ ಅದರದ್ದೇ ಇರಬೇಕು, ಬೇರೆಯದು ಕೂರಿಸಿರಬಾರದು. ದೀಪ, ಸೀಟಿನ ತೊಗಲು ಹಳೆಯವೇ ಇರಬೇಕು. ಯಾರ ಕೈಯಿಂದ ಯಾರ ಕೈಗೆ ಬಂತೆಂದು ಗೊತ್ತಿರಬೇಕು. "ಎಲ್ಲಕ್ಕಿಂತ ಮುಖ್ಯ ಬಣ್ಣ," ಎಂದರು. "ಕಾರ್ಖಾನೆಯಲ್ಲಿ ಹಚ್ಚಿದ್ದು ಮಾಸಿರಲಿ, ಬಿರುಕು ಬಿಟ್ಟಿರಲಿ, ಅದೇ ಬೇಕು. ಹೊಸ ಬಣ್ಣ ಬಳಿದ ಕಾರನ್ನು ನಾನು ಮುಟ್ಟುವುದಿಲ್ಲ."

ಗಂಡ ತಿರುಗಿ ನನ್ನ ಮುಖ ನೋಡಿದರು, ಮತ್ತೆ ರಸ್ತೆ ನೋಡಿದರು. ಬಾಯಿ ಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಜೀಪು ಕೆಟ್ಟು ನಿಲ್ಲಲಿ ಎಂದೂ ಬೇಡಿಕೊಂಡೆ, ಇನ್ನೂ ಜೋರಾಗಿ ಓಡಲಿ ಎಂದೂ ಬೇಡಿಕೊಂಡೆ. ಕುರುಗೋಡಿನ ಗುಡ್ಡ ಕಂಡಾಗ ಮಗಳ ಎದೆಯ ಮೇಲೆ ಅಂಗೈ ಇಟ್ಟೆ. ಒಳಗೆ ಪಟಪಟ ಬಡಿದುಕೊಳ್ಳುತ್ತಿತ್ತು, ನನ್ನದೂ ಹಾಗೇ.

ಬಣ್ಣದ ಶೆಡ್ಡಿನ ಮುಂದೆ ಅಪ್ಪ ಹೊಸ ಅಳಿಯನನ್ನು ತೋರಿಸುವವನಂತೆ ನಿಂತಿದ್ದ. ನಮ್ಮ ಕಡೆಗಿದ್ದ ಮಗ್ಗಲೆಲ್ಲ ಮಗಳ ತುಟಿಯ ನೀಲಿ. ಸಾಹುಕಾರರು ಇಳಿಯಲೂ ಇಲ್ಲ. ಜೀಪು ತಿರುಗಿಸಲು ಗೇರು ಹಾಕಿದರು.

"ಯಪ್ಪಾ, ಏನು ಮಾಡಿಬಿಟ್ಟಿ!" ಎಂದು ಕಿರುಚಿದೆ.

ಅಪ್ಪನಿಗೆ ಏನೂ ತಿಳಿಯಲಿಲ್ಲ. "ಯಾಕವ್ವಾ? ಆ ಕಡಿ ಮಗ್ಗಲು ಇನ್ನೂ ಉಳದೈತಿ. ಸಂಜಿ ಒಳಗ ಅದನ್ನೂ ಮುಗಸ್ತಾನ," ಎಂದ.

ಮಗಳನ್ನು ಗಂಡನ ತೊಡೆಗೆ ಹಾಕಿ ಓಡಿದೆ. ಹಳೇ ಬಣ್ಣ ಉಜ್ಜಿ ತೆಗೆಯಲು ಬಣ್ಣದವನು ಆಗಷ್ಟೇ ಆ ಕಡೆಯ ಬಾಗಿಲಿಗೆ ಕೈ ಹಾಕಿದ್ದ. ಅವನ ಕೈಯಿಂದ ಉಪ್ಪುಕಾಗದ ಕಿತ್ತುಕೊಂಡೆ. "ಇಲ್ಲಿ ನೋಡಬರ್ರಿ!" ಎಂದು ನಾನು ಕೂಗಿದ್ದಕ್ಕೆ ಸಾಹುಕಾರರು ಇಳಿದು ಬಂದರು. ಮಾಸಿದ ಕಪ್ಪನ್ನು ಬೆರಳಿನಿಂದ ಸವರಿದರು, ಬಾನೆಟ್ ಎತ್ತಿ ಎಂಜಿನ್ನಿನ ನಂಬರು ಓದಿದರು, ದೀಪ ಮುಟ್ಟಿ ನೋಡಿದರು. ಅರ್ಧ ಹಾಳಾಗಿದೆ, ಆದರೂ ಬೇಕು ಎಂದರು ಕೊನೆಗೆ. ಕೊಟ್ಟದ್ದು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಅಮ್ಮನ ಸರವನ್ನೂ ಮಾರಿ ವೆಲ್ಲೂರಿಗೆ ಹೋದೆವು.

ಎಂಬತ್ತರ ದಶಕದ ಕೊನೆಗೆ ಆ ಮಗಳ ಮದುವೆ. ಅಲಂಕಾರಕ್ಕೆ ಬಂದ ಹುಡುಗಿ, ಕುಪ್ಪಸದ ಮೇಲೆ ಇಣುಕುತ್ತಿದ್ದ ಆಪರೇಷನ್ನಿನ ಹೊಲಿಗೆಯ ಗುರುತು ಮುಚ್ಚಲು ಕ್ರೀಮು ತೆಗೆದಳು. ಬಾಗಿಲಲ್ಲಿ ಕೂತಿದ್ದ ಅಪ್ಪ ಕೋಲು ಕುಟ್ಟಿ ಕೂಗಿದ: "ಯವ್ವಾ, ಬಣ್ಣ ಹಚ್ಚಬ್ಯಾಡ! ಬೆಲಿ ಹೋಗ್ತೈತಿ!"

ಎಲ್ಲರೂ ನಕ್ಕರು. ನನ್ನ ಅಂಗೈಗೆ ಮಾತ್ರ ಆ ಪಟಪಟ ಬಡಿತ ಮರಳಿ ಬಂತು. ಮದುಮಗಳ ಎದೆಯ ಮೇಲೆ ಕೈಯಿಟ್ಟು ನೋಡಿಯೇ ಮಂಟಪಕ್ಕೆ ಕಳಿಸಿದೆ.