ಸಣ್ಣ ನೆರಳು

ಮೊನ್ನೆ ಪೇಟೆಯ ಅಂಗಡಿಯವನು ಹೊಸ ಛತ್ರಿ ಬಿಚ್ಚಿದ. ಕರಿಬಟ್ಟೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಪುಟ್ಟ ಹುಡುಗಿಯಾಗಿ ನಮ್ಮೂರ ಜಮೀನ್ದಾರ ದೇಸಾಯರ ವಾಡೆಯ ಮುಂದಿದ್ದೆ.

ಹೈದರಾಬಾದಿನಲ್ಲಿ ಓದುತ್ತಿದ್ದ ಚಿಕ್ಕಪ್ಪ ಅಂಥದೇ ಛತ್ರಿ ತಂದಿದ್ದ. "ಅಂಬ್ರೆಲಾ ಅಂದ್ರ ಮೂಲದಾಗ ಸಣ್ಣ ನೆರಳು. ಲ್ಯಾಟಿನ್ ಬೇರು. ಮಳಿಗಲ್ಲ, ಬಿಸಲಿಗೆ ಹುಟ್ಟಿದ ಮಾತು," ಎನ್ನುತ್ತ ನನ್ನನ್ನು ಅದರಡಿ ಕರೆದುಕೊಂಡು ಹೊರಟ.

ವಾಡೆಯ ಮುಂದೆ ಛತ್ರಿ ಮಡಚಿ, ಚಪ್ಪಲಿ ಕಳಚಿ ದಾಟಬೇಕೆಂಬುದು ಊರ ರಿವಾಜು. ಚಿಕ್ಕಪ್ಪ ಎರಡನ್ನೂ ಮಾಡಲಿಲ್ಲ. ಕಟ್ಟೆಯ ಮೇಲೆ ಎಲೆ ಮೆಲ್ಲುತ್ತಿದ್ದ ದೇಸಾಯರು, "ಏನದು?" ಎಂದರು.

"ಸಣ್ಣ ನೆರಳ್ರಿ."

ದೇಸಾಯರು ನಕ್ಕರು. "ಸಣ್ಣದ್ಯಾಕ? ನಮ್ಮ ವಾಡೇದ್ದು ದೊಡ್ಡದೈತಿ. ಛತ್ರಿ ಮಡಚು, ಚಪ್ಪಲಿ ಬಿಡು. ಆ ನೆರಳು ನಿನ್ನ ಕಾಲಿಗೆ ಬರೂತನಾ ಅಲ್ಲೇ ನಿಂದ್ರು."

ನಡುಮಧ್ಯಾಹ್ನ. ಚಿಕ್ಕಪ್ಪ ಛತ್ರಿ ಮಡಚಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ. ವಾಡೆಯ ನೆರಳು ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಸುದ್ದಿ ತಿಳಿದು ಓಡಿಬಂದ ಅಜ್ಜ ದೇಸಾಯರಿಗೆ ಕೈಮುಗಿದ. "ಬುದ್ಧಿ ಕಲಿಸಿದ್ರಿ, ಛಲೋ ಆತ್ರಿ," ಎಂದು ನನ್ನನ್ನಷ್ಟೇ ಎಳೆದುಕೊಂಡು ಹೋದ.

ಸಂಜೆ ಚಿಕ್ಕಪ್ಪ ಅಂಗಾಲ ತುಂಬ ಬೊಬ್ಬೆ ಹೊತ್ತು ಬಂದ. ಆಮೇಲೆ ಆ ಛತ್ರಿಯನ್ನು ಮಳೆಯಲ್ಲೂ ಬಿಚ್ಚಲಿಲ್ಲ.

ವಾಡೆ ಬಿದ್ದು ಎಷ್ಟೋ ವರ್ಷವಾಯಿತು. "ಬಿಸಲು ಭಾಳ ಐತಿ, ಹಿಡ್ಕೊಂಡು ಹೋಗ್ರಿ ಅಮ್ಮಾರ," ಎಂದ ಅಂಗಡಿಯವನು. ಹೊಸ ಛತ್ರಿಯನ್ನು ಮಡಚಿ ಬಗಲಲ್ಲಿಟ್ಟುಕೊಂಡು, ಸುಡುವ ತಲೆಯಲ್ಲೇ ಮನೆಗೆ ಬಂದೆ.