ನೆಲ ಗುಡಿಸುವ ಗೌನು

ನಾನು ಟೇಲರ್. ನರೇಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಯಂತ್ರವಿದೆ. ಒಂದು ಭುಜ ಇಳಿದವರಿಗೆ ಒಳಗೆ ತುಸು ಹತ್ತಿ ಕೂಡಿಸಿ, ಹೊಟ್ಟೆ ಬಂದವರಿಗೆ ನಾಲ್ಕು ನೆರಿಗೆ ಹೆಚ್ಚಿಗೆ ಹಿಡಿದು, ಊರಿನ ಅರ್ಧ ಹೆಂಗಸರ ಮೈಯ ಗುಟ್ಟು ಮುಚ್ಚಿಟ್ಟವಳು ನಾನೇ. ಹಾಗಿರುವಾಗ ಸ್ವಂತ ಕಾಲಿನ ಗುಟ್ಟು ಮುಚ್ಚುವುದೇನು ಮಹಾ ಎಂದು ಸೋದರತ್ತೆ ಕೇಳಿದಳು.

ನನ್ನ ಎಡಗಾಲು ಹುಟ್ಟಿನಿಂದಲೇ ಒಂದು ಇಂಚು ಗಿಡ್ಡ. ಬರಿಗಾಲಲ್ಲಿ ನಡೆದರೆ ಕುಂಟುತ್ತೇನೆ. ರೋಣದಲ್ಲಿ ಚಪ್ಪಲಿ ಹೊಲಿಯುವ ಅಜ್ಜನೊಬ್ಬ ಎಡಗಾಲಿನದಕ್ಕೆ ಒಂದು ಇಂಚು ಅಟ್ಟೆ ಹೆಚ್ಚಿಗೆ ಕೂಡಿಸಿ ಜೋಡಿ ಮಾಡಿಕೊಡುತ್ತಾನೆ. ಅದನ್ನು ಮೆಟ್ಟಿದರೆ ನಡಿಗೆ ನೆಟ್ಟಗಾಗುತ್ತದೆ, ಸೊಂಟ ನೋಯುವುದಿಲ್ಲ. ಅಷ್ಟು ಸುಖ ಕೊಡುವ ವಸ್ತು ನನ್ನ ಹತ್ತಿರ ಇನ್ನೊಂದಿಲ್ಲ. ಆದರೆ ಒಂದು ದಪ್ಪ, ಒಂದು ತೆಳುವಾದ ಚಪ್ಪಲಿ ಕಂಡರೆ ಸಾಕು, ನೋಡಿದವರಿಗೆ ಎಲ್ಲ ತಿಳಿದುಬಿಡುತ್ತದೆ. ಎರಡು ಸಂಬಂಧ ಹಾಗೆಯೇ ಮುರಿದುಬಿದ್ದಿದ್ದವು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿತನ ಗಜೇಂದ್ರಗಡದ ಈ ಅತ್ತೆಯದು. ನರಗುಂದದಿಂದ ಮೂರನೆಯ ಗಂಡಿನ ಮಾತು ಬಂದಾಗ ಆಕೆ ಬೇರೆಯೇ ಆಟ ಹೂಡಿದಳು. ಮನೆಯಲ್ಲಿ ಕನ್ಯೆ ತೋರಿಸಿದರೆ ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕು. ಅದಕ್ಕೇ ತನ್ನ ಊರಿನ ಹೋಟೆಲೊಂದರಲ್ಲಿ ತೋರಿಸುವುದೆಂದು ಗೊತ್ತು ಮಾಡಿದಳು. ಆ ವರ್ಷ ಎಲ್ಲರ ಫೋನಿನಲ್ಲಿ ಒಂದು ಸಿನಿಮಾ ಹಾಡು ಓಡುತ್ತಿತ್ತು. ಅದರಲ್ಲಿ ನಾಯಕಿ ತೊಟ್ಟದ್ದು ನೆಲ ಗುಡಿಸುವ ನೀಲಿ ಗೌನು. ಅದನ್ನೇ ನೋಡಿ ನೋಡಿ ನಾನೂ ಒಂದು ಹೊಲಿದುಕೊಂಡೆ. ಚಪ್ಪಲಿಯ ಎತ್ತರ ಅಳೆದು, ಬೆರಳ ತುದಿಯೂ ಕಾಣದ ಹಾಗೆ ಅಂಚು ಮಡಚಿದೆ. ಕತ್ತರಿ ಹಿಡಿದವಳು ನಾನು. ಅತ್ತೆಯೊಬ್ಬಳನ್ನೇ ದೂರಿದರೆ ಸುಳ್ಳಾದೀತು.

ಅವತ್ತು ಮುಂಜಾನೆ ಅತ್ತೆ ಪೇಟೆಯಿಂದ ಮಲ್ಲಿಗೆ ಅತ್ತರು ತಂದು ನನ್ನ ಕಿವಿಯ ಹಿಂದೆ, ಮಣಿಕಟ್ಟಿಗೆ, ಗೌನಿನ ಕೊರಳಿಗೆಲ್ಲ ಹಚ್ಚಿದಳು.

"ಸಾಕ ಬಿಡ ಅತ್ತಿ, ತಲಿ ಸುತ್ತತೈತಿ."

"ಸುಮ್ಮನ ಕುಂದ್ರ. ಮೂಗಿಗೆ ಕೆಲಸ ಹಚ್ಚಿದರ ಕಣ್ಣು ಕೆಳಗ ಹೋಗಂಗಿಲ್ಲ."

ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು.

ಹೋಟೆಲಿಗೆ ಹುಡುಗ ಮತ್ತು ಅವನ ತಾಯಿ ಇಬ್ಬರೇ ಬಂದಿದ್ದರು. ಆತನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. "ಈ ಗೌನ ನೀವ ಹೊಲದೀರಂತಲ್ರಿ? ನಮ್ಮೂರ ಟೇಲರ್ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಮಾಡಿ ಕೊಡ್ತಾನ ನೋಡ್ರಿ," ಎಂದು ಕೈ ಚಾಚಿ ತೋರಿಸಿದ. ಎಲ್ಲರೂ ನಕ್ಕರು. ನಾನು ಮೇಜಿನ ಕೆಳಗೆ ಕಾಲು ಹಿಂದಕ್ಕೆ ಎಳೆದುಕೊಂಡೆ. ಆದರೂ ಆತ ನನಗೆ ಹಿಡಿಸಿದ. ಹೇಳಲು ನಾಚಿಕೆಯೇನು, ಬಹಳ ಹಿಡಿಸಿದ.

ಊಟ ಮುಗಿದದ್ದೇ ಅವನ ತಾಯಿ ಕೈಚೀಲದಿಂದ ಕೊಬ್ಬರಿ ಬಟ್ಟಲು, ರವಿಕೆಯ ಖಣ ತೆಗೆದಳು.

"ನಮಗ ಹುಡುಗಿ ಪಸಂದ ಬಂದಾಳ್ರಿ. ಗುಡ್ಡದ ಮ್ಯಾಲಿನ ದೇವರ ಮುಂದ ಉಡಿ ತುಂಬಿ ಮಾತು ಗಟ್ಟಿ ಮಾಡಿಬಿಡ್ತೀನಿ, ಬರ್ರಿ."

ಅತ್ತೆಯ ಮುಖದ ಬಣ್ಣ ಹೋಯಿತು. ದೇವರೆಂದರೆ ಮೆಟ್ಟಿಲು, ಮೆಟ್ಟಿಲೆಂದರೆ ಬರಿಗಾಲು. ಅವರ ಕಾರಿನಲ್ಲಿ ಐದು ಜನ ಒತ್ತಿ ಕೂತೆವು. ಬೆವರಿಗೆ ಅತ್ತರು ಇನ್ನಷ್ಟು ಘಾಟಾಯಿತು. ಗುಡ್ಡದ ಬುಡದಲ್ಲಿ ಇಳಿದು ಹುಡುಗನ ತಾಯಿ ಚಪ್ಪಲಿ ಬಿಟ್ಟಳು, ಮಗ ಬಿಟ್ಟ, ಅವ್ವ ಬಿಟ್ಟಳು. ನಾನು ಕಂಬದ ಹಾಗೆ ನಿಂತೆ. ಅಷ್ಟರಲ್ಲಿ ಅತ್ತೆ ಹುಡುಗನ ತಾಯಿಯ ಕಿವಿಯ ಹತ್ತಿರ ಬಾಗಿದಳು.

"ಹುಡುಗಿ ಹೊರಗಾಗ್ಯಾಳ್ರಿ. ಗುಡಿಗೆ ಬರಂಗಿಲ್ಲ."

ಆಕೆ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಖಣವನ್ನು ಮತ್ತೆ ಚೀಲಕ್ಕೆ ತುರುಕಿದಳು.

"ಹಂತಾ ದಿನಾ ಯಾರರೆ ಕನ್ಯಾ ತೋರಸ್ತಾರೇನ್ರಿ? ಮುಂದಿನ ವಾರ ಬರ್ರಿ ಅಂದಿದ್ರ ನಾವು ಬರತಿದ್ದಿಲ್ಲೇನು? ರೀತಿ ರಿವಾಜು ಏನರೆ ಐತೋ ಇಲ್ಲೋ ನಿಮ್ಮ ಮನ್ಯಾಗ?"

ಬೈಸಿಕೊಳ್ಳುತ್ತಿದ್ದವಳು ಅತ್ತೆ ಅಲ್ಲ, ಅವ್ವ. ಆಕೆಯನ್ನೇ ನೋಡಿ ಆಡಿದ ಮಾತು ಅದು. ಅವ್ವ ತಲೆ ತಗ್ಗಿಸಿದಳು. ಅತ್ತೆ ನನ್ನ ಮೊಣಕೈ ಚಿವುಟಿ, "ಹೌದಂತ ಹೇಳ," ಎಂದು ಪಿಸುಗುಟ್ಟಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ನಾ ಹೊರಗಾಗಿಲ್ರಿ," ಎಂದೆ. ಚಪ್ಪಲಿ ಬಿಚ್ಚಿ ಎರಡನ್ನೂ ಹುಡುಗನ ತಾಯಿಯ ಮುಂದೆ ಜೋಡಿಸಿ ಇಟ್ಟೆ. "ನೋಡ್ರಿ. ನನ್ನ ಎಡಗಾಲು ಒಂದು ಇಂಚು ಗಿಡ್ಡೈತಿ. ಅದನ್ನ ಮುಚ್ಚಾಕ ಅತ್ತಿ ಸುಳ್ಳ ಹೇಳಿದ್ಲು, ನಾ ಈ ಗೌನ ಹೊಲದೆ."

ಚಪ್ಪಲಿ ಇಲ್ಲದೆ ಗೌನು ಕಾಲಿಗೆ ತೊಡರುತ್ತಿತ್ತು. ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದು, ಕಾಲು ಕಾಣುವಂತೆ, ಕುಂಟುತ್ತ ಮೆಟ್ಟಿಲು ಹತ್ತಿದೆ. ಹಿಂದಿನಿಂದ ಅವರೆಲ್ಲರ ಕಣ್ಣು ಎಲ್ಲಿದೆ ಎಂದು ತಿರುಗಿ ನೋಡದೆಯೂ ಗೊತ್ತಾಗುತ್ತಿತ್ತು.

ಮೇಲೆ ಗುಡಿಯ ಬಾಗಿಲಲ್ಲಿ ಅವನ ತಾಯಿ ನನ್ನನ್ನು ತಡೆದಳು. ದನಿ ಮೆತ್ತಗಾಗಿತ್ತು.

"ಕಾಲಿಂದು ನಾ ದೊಡ್ಡದ ಮಾಡಂಗಿಲ್ಲವಾ. ಆದರ ನಮ್ಮ ಮಂದಿಗೆ ತಿಳೀಬಾರದು. ಮದಿವಿ ದಿನಾ ಕಾಲು ಹೊರಳೇತಂತ ಪಟ್ಟಿ ಕಟ್ಟಿಬಿಡೂಣು. ಆಮ್ಯಾಗ ಹಿಂತಾವ ಉದ್ದಾನ ಅರಬಿ ತೊಡು. ಹ್ಯಾಂಗೂ ನೀನ ಹೊಲಿತಿ."

ಅತ್ತೆಯ ಮುಖ ಅರಳಿತು. ಒಪ್ಪಿಕೋ ಎಂದು ನನ್ನ ಮನಸ್ಸೂ ಹೇಳಿತು, ಇಲ್ಲ ಎನ್ನಲಾರೆ. ಆದರೆ ಮನೆಯೊಳಗೆ ಚಪ್ಪಲಿ ಇರುವುದಿಲ್ಲವಲ್ಲ. ಅವರ ಮನೆಗೆ ಯಾರು ಬಂದರೂ ನಾನು ಕೂತಲ್ಲಿಂದ ಏಳುವ ಹಾಗಿಲ್ಲ. ಒಂದು ಲೋಟ ನೀರು ತಂದುಕೊಡುವ ಹಾಗಿಲ್ಲ. ಹುಡುಗನ ಕಡೆ ತಿರುಗಿದೆ.

"ನೀವೇನಂತೀರಿ?"

ಆತ ನನ್ನ ಕಾಲು ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. "ಅವ್ವ ಹೇಳೂದು ಬರೋಬರಿ ಐತ್ರಿ. ಮಂದಿ ಬಾಯಿ ಕೆಟ್ಟ."

"ಹಂಗಾರ ಬ್ಯಾಡ್ರಿ," ಎಂದೆ.

ಅವ್ವ ಬಂದು ನನ್ನ ರಟ್ಟೆ ಹಿಡಿದುಕೊಂಡಳು. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು, "ನಡಿ, ಹೋಗೂಣು."

ಇಳಿಯುವಾಗ ಅತ್ತೆ ಹಿಂದಿನಿಂದ ಗೊಣಗುತ್ತಲೇ ಇದ್ದಳು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಂತಾ ಚಲೋ ಹುಡುಗ ಮತ್ತ ಸಿಗತಾನೇನ ಹುಚ್ಚಿ?"

"ಚಲೋ ಇದ್ದ ಅತ್ತಿ. ನನಗ ಭಾಳ ಬೇಕಾಗಿದ್ದ," ಎಂದೆ. ಅಷ್ಟು ಅಂದದ್ದೇ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರೆಲ್ಲ ನೋಡುತ್ತಿದ್ದಂತೆ ಗೊಳೋ ಎಂದು ಅತ್ತುಬಿಟ್ಟೆ.