ನಲವತ್ತು ಕ್ಯಾಂಡಲ್ ಬಲ್ಬಿನ ಪದ್ಯ

ರುಮೇನಿಯಾ ಎಲ್ಲಿದೆ ಎಂದು ತೊಂಬತ್ತರ ದಶಕದ ತುಮಕೂರಿನಲ್ಲಿ ಯಾರಾದರೂ ಕೇಳಿದ್ದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಿದ್ದರು. ನಾನೂ ಅಟ್ಲಾಸ್ ತೆಗೆದು ನೋಡಿದವಳೇ. ಶೆಟ್ಟಿಹಳ್ಳಿಯ ಮನೆಯಿಂದ ಗುಬ್ಬಿಯ ಕಾಲೇಜಿಗೆ ಇಂಗ್ಲಿಷ್ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬೆಂಗಳೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಒಂದು ಕವನ ಸಂಗ್ರಹ ಆ ಬಸ್ಸಿನಲ್ಲಿ ನನ್ನ ಜೊತೆಗಿತ್ತು. ಕಮ್ಯುನಿಸ್ಟ್ ಆಡಳಿತದ ಕಾಲದ ರುಮೇನಿಯಾ ಕವಿಗಳು, ಇಂಗ್ಲಿಷಿಗೆ ಬಂದದ್ದು.

ಅದರ ಮುನ್ನುಡಿ ಓದಿಯೇ ನನಗೆ ಮೈ ಉರಿದಿತ್ತು. ಅಲ್ಲಿ ಟೈಪ್‌ರೈಟರ್ ಇಟ್ಟುಕೊಂಡವರು ಪೊಲೀಸರ ಹತ್ತಿರ ನೋಂದಾಯಿಸಬೇಕಿತ್ತಂತೆ. ದೇಶದ ನಾಯಕನ ಹುಟ್ಟುಹಬ್ಬ ಬಂತೆಂದರೆ ಸಾಹಿತ್ಯ ಪತ್ರಿಕೆಗಳೆಲ್ಲ ಅವನ ಫೋಟೋ ಹಾಕಿ, ಅವನನ್ನು ಹೊಗಳುವ ಪದ್ಯಗಳನ್ನು ತುಂಬಬೇಕಿತ್ತು. ಒಂದು ಹಂತದಲ್ಲಿ ಸೆನ್ಸಾರ್ ಕಚೇರಿಯನ್ನೇ ಮುಚ್ಚಿಬಿಟ್ಟರಂತೆ. ಜನ ಖುಷಿಪಟ್ಟರೆ, ಕತ್ತರಿ ಸಂಪಾದಕರ ಕೈಗೆ ಬಂತು. ಅವರು ಹೆದರಿ ಹೆದರಿ ಮೊದಲಿಗಿಂತ ಹೆಚ್ಚೇ ಕತ್ತರಿಸಿದರು.

ಆ ಸಂಗ್ರಹದಲ್ಲಿ ಒಬ್ಬ ಕವಯಿತ್ರಿಯ ಚಿಕ್ಕ ಪದ್ಯವಿತ್ತು. ಕರೆಂಟಿಗೆ ಕಡಿವಾಣ ಹಾಕಿದ ಚಳಿಗಾಲ. ಮನೆಗೆಲ್ಲ ನಲವತ್ತು ವ್ಯಾಟಿನ ಒಂದೇ ಬಲ್ಬು. ತಾಯಿ ಅಡುಗೆ ಮುಗಿಸಿ, ಬಟ್ಟೆಯ ಅಂಚಿನಲ್ಲಿ ಆ ಬಿಸಿ ಬಲ್ಬನ್ನು ಹಿಡಿದು ಬಿಚ್ಚಿ, ಕತ್ತಲೆಯಲ್ಲಿ ತಡವುತ್ತಾ ಮಗು ಓದುವ ಕೋಣೆಗೆ ಒಯ್ಯುತ್ತಾಳೆ. ಅಷ್ಟೇ. ಯಾರನ್ನೂ ಬೈದಿಲ್ಲ. ಆದರೂ ಅಲ್ಲಿನ ಪತ್ರಿಕೆಯ ಸಂಪಾದಕ ಅದನ್ನು ವಾಪಸ್ ಕಳಿಸಿದ್ದನಂತೆ. ಆಡಳಿತ ಬಿದ್ದ ಮೇಲೇ ಅದು ಅಚ್ಚಾಯಿತು. ನಮ್ಮ ಮನೆಯಲ್ಲೂ ಬಚ್ಚಲಿನ ಬಲ್ಬು ಅಡುಗೆಮನೆಗೆ, ಅಡುಗೆಮನೆಯದು ನಡುಮನೆಗೆ ಓಡಾಡಿದ್ದನ್ನು ನೋಡಿ ಬೆಳೆದವಳು ನಾನು. ಪದ್ಯವನ್ನು ಕನ್ನಡಕ್ಕೆ ತರುವಾಗ ಬಟ್ಟೆಯ ಅಂಚಿಗೆ ಮೊದಲು ಸೆರಗು ಎಂದು ಬರೆದೆ, ಆಕೆ ಸೀರೆ ಉಡುವವಳಲ್ಲವಲ್ಲ ಎಂದು ಹೊಡೆದುಹಾಕಿದೆ. ವ್ಯಾಟ್ ಎಂದರೆ ನಮ್ಮವರಿಗೆ ರುಚಿಸದು, ಕ್ಯಾಂಡಲ್ ಎಂದು ಮಾಡಿದೆ. ಆ ಪದ್ಯ ಕನ್ನಡದಲ್ಲಿ ಕೂತುಕೊಂಡ ದಿನ ಹಬ್ಬದಷ್ಟು ಖುಷಿಯಾಯಿತು. ಅಲ್ಲಿ ತಿರಸ್ಕಾರವಾದದ್ದು ನಮ್ಮೂರಿನ ಪತ್ರಿಕೆಯಲ್ಲಿ ಬರಬೇಕು, ಅದೊಂದೇ ನನ್ನ ಹಟವಾಗಿತ್ತು.

ಪತ್ರಿಕೆ ಎಂದರೆ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ತೆಳ್ಳನೆಯ ಸಂಚಿಕೆ. ಕುಣಿಗಲ್ಲಿನ ಕಾಲೇಜೊಂದರ ಕನ್ನಡ ಮೇಷ್ಟ್ರು ಅದರ ಸಂಪಾದಕರು. ಶಿರಾ ಗೇಟಿನ ಹತ್ತಿರದ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಮೇಷ್ಟ್ರು ನನ್ನ ಅನುವಾದ ಓದಿ ಕಣ್ಣೊರೆಸಿಕೊಂಡರು. "ಮೇಡಂ, ರುಮೇನಿಯಾ ವಿಶೇಷ ಸಂಚಿಕೆನೇ ಮಾಡ್ಬುಡಾಣ. ದಬ್ಬಾಳಿಕೆ ಅಂದ್ರೆ ಏನು ಅಂತ ನಮ್ಮೋರ್ಗೂ ಗೊತ್ತಾಗ್ಲಿ" ಎಂದರು. ಸೆನ್ಸಾರ್ ಬಗ್ಗೆ ಖಡಕ್ಕಾದ ಸಂಪಾದಕೀಯವನ್ನೂ ಬರೆದರು. ನಾನು ಕರಡು ತಿದ್ದಿ ಬಂದಾಗ ಬಲ್ಬಿನ ಪದ್ಯ ನಡುಪುಟದಲ್ಲಿ ಚೆಂದವಾಗಿ ಕೂತಿತ್ತು.

ನಮ್ಮಲ್ಲಿ ಎಂಟು ಪುಟದ ಪುಸ್ತಕ ತಂದರೂ ಬಿಡುಗಡೆ ಸಮಾರಂಭ ಆಗಲೇಬೇಕು. ಸಮಾರಂಭ ಎಂದರೆ ಮುಖ್ಯ ಅತಿಥಿ, ಶಾಲು, ಫಲತಾಂಬೂಲ. ಮುಖ್ಯ ಅತಿಥಿಯಾಗಿ ಕರೆಂಟ್ ಆಫೀಸಿನ ದೊಡ್ಡ ಇಂಜಿನಿಯರ್ ಒಪ್ಪಿದ್ದರು. ಅವರು ಬರುತ್ತಾರೆಂದು ಆ ಸಂಜೆ ನಮ್ಮ ಸಭಾಂಗಣದ ಲೈನನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ಎದುರು ಬೀದಿಯಲ್ಲಿ ಲೋಡ್ ಶೆಡ್ಡಿಂಗ್, ಅಂಗಡಿಗಳಲ್ಲಿ ಮೇಣದಬತ್ತಿ.

ರಿಬ್ಬನ್ ಬಿಚ್ಚಿ, ಒಂದು ಪ್ರತಿ ನನ್ನ ಕೈಗೆ ಬಂತು. ನೇರ ನಡುಪುಟಕ್ಕೆ ಹೋದೆ. ಬಲ್ಬಿನ ಪದ್ಯವಿಲ್ಲ. ಅದಿದ್ದ ಜಾಗದಲ್ಲಿ ಶಾಲು ಹೊದ್ದ ಇಂಜಿನಿಯರ್ ಫೋಟೋ, ಕೆಳಗೆ "ಹಾರ್ದಿಕ ಸ್ವಾಗತ ಕೋರುವವರು" ಎಂದು ಎಲೆಕ್ಟ್ರಿಕಲ್ ಕಂಟ್ರಾಕ್ಟರುಗಳ ಹೆಸರಿನ ಸಾಲು. ಎದುರು ಪುಟದಲ್ಲಿ, ಫೋಟೋ ಹಾಕಿ ಹೊಗಳಲೇಬೇಕಾಗಿದ್ದ ರುಮೇನಿಯಾದ ಪತ್ರಿಕೆಗಳ ಬಗ್ಗೆ ನಾನೇ ಬರೆದ ಲೇಖನ!

ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರ ಕಡೆ ಬಗ್ಗಿ ಕೇಳಿದೆ. ಅವರು ಪಿಸುಗುಟ್ಟಿದರು: "ಬೇಜಾರ್ ಮಾಡ್ಕೋಬೇಡಿ ಮೇಡಂ. ಕೊನೇ ಗಳಿಗೇಲಿ ನಾವೇ ಎತ್ಬುಟ್ವಿ. ಕರೆಂಟ್ ಪದ್ಯ ನೋಡಿ ಸಾಹೇಬ್ರಿಗೆ ಇರಿಸುಮುರಿಸಾದ್ರೆ?"

"ಅವರು ತೆಗೀರಿ ಅಂದ್ರಾ ಸಾರ್?"

"ಅವ್ರೆಲ್ಲಿ ಅಂತಾರೆ? ಅವ್ರು ನೋಡೇ ಇಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪೊಲೀಸರಿಲ್ಲ, ಜೈಲಿಲ್ಲ, ಕೆಲಸ ಹೋಗುವ ಭಯವಿಲ್ಲ. ಯಾರೂ ಕೇಳದೆಯೇ ತಾವಾಗಿ ಕತ್ತರಿ ಹಿಡಿದು ಕೂತಿದ್ದರು ಇವರು. ನನ್ನ ಸರದಿ ಬಂದಾಗ ಸಂಚಿಕೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಈ ಸಂಚಿಕೆಯಿಂದ ತೆಗೆದ ಪದ್ಯವೊಂದನ್ನು ಓದ್ತೀನಿ" ಎಂದು ಹೇಳಿ ಬಾಯಿಪಾಠವಾಗಿದ್ದುದನ್ನು ಒಪ್ಪಿಸಿದೆ. ಮೇಷ್ಟ್ರು ತಲೆ ತಗ್ಗಿಸಿ ಶಾಲುಗಳ ತಟ್ಟೆ ಸರಿಮಾಡುತ್ತಿದ್ದರು.

ಆಮೇಲೆ ಇಂಜಿನಿಯರ್ ಎದ್ದರು. "ನಮ್ಮನೇಲೂ ಅಮ್ಮ ಹಿಂಗೇ ಮಾಡೋರು ಕಣ್ರಿ. ಸೆರಗಲ್ಲಿ ಹಿಡ್ಕೊಂಡು ಬಲ್ಬ್ ಬಿಚ್ಚೋರು, ಕೈ ಸುಟ್ಕೊಳ್ಳೋರು. ಎಷ್ಟು ಚೆನ್ನಾಗಿದೆ! ತೆಗೆದಿದ್ದು ಯಾಕೆ?" ಎಂದು ಪುಟ ತಿರುವಿದರು. ನಡುಪುಟ ತೆರೆಯಿತು. ತಮ್ಮದೇ ಫೋಟೋ ನೋಡಿ ಸಂಚಿಕೆ ಮಡಚಿ ಕೂತರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸ್ವಲ್ಪ ದಿನದ ಮೇಲೆ ಮೇಷ್ಟ್ರು ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾದು ನಿಂತಿದ್ದರು. ಮುಖ ಅರಳಿತ್ತು.

"ಮೇಡಂ, ಒಳ್ಳೆ ಸುದ್ದಿ. ಸಾಹೇಬ್ರ ಹತ್ರ ಹೋಗಿ ಕೇಳ್ಕೊಂಡ್ ಬಂದೆ. ಧಾರಾಳವಾಗಿ ಹಾಕ್ಕೊಳ್ಳಿ ಅಂದವ್ರೆ. ಮುಂದಿನ ಸಂಚಿಕೇಲಿ ಮೊದಲನೇ ಪುಟಕ್ಕೇ ಹಾಕ್ತೀನಿ."

ಅವರು ಕೆಟ್ಟವರಲ್ಲ. ನನಗೆ ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದರು. ಅದೇ ನನ್ನ ಹೊಟ್ಟೆ ಉರಿಸಿದ್ದು.

"ಬೇಡ ಸಾರ್, ಹಾಕ್ಬೇಡಿ."

"ಅದ್ಯಾಕೆ? ಪರ್ಮಿಷನ್ ಸಿಕ್ಕೈತಲ್ಲ!"

"ಅದಕ್ಕೇ ಬೇಡ. ಯಾರನ್ನೂ ಕೇಳ್ದೆ ಹಾಕ್ತೀನಿ ಅನ್ನೋ ದಿನ ಹೇಳಿ, ನಾನೇ ತಂದ್ಕೊಡ್ತೀನಿ."

ಬಸ್ ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಅವರಿನ್ನೂ ಅಲ್ಲೇ ನಿಂತಿದ್ದರು, ಏನು ತಪ್ಪಾಯಿತೆಂದು ಗೊತ್ತಾಗದವರ ಹಾಗೆ.

ಹೊಸ ಶತಮಾನ ಬಂದು ನಾಲ್ಕಾರು ವರ್ಷವಾಗುವ ತನಕ ಆ ಪತ್ರಿಕೆ ನಡೆಯಿತು. ನಾನು ಮತ್ತೆ ಅದಕ್ಕೆ ಬರೆಯಲಿಲ್ಲ. ಮೇಷ್ಟ್ರು ಎಷ್ಟೋ ಸಲ ಸಿಕ್ಕರು, ಆರೋಗ್ಯ ಕೇಳಿದರು, ಕಾಫಿ ಕೊಡಿಸಿದರು. ಪದ್ಯವನ್ನು ಮಾತ್ರ ಕೇಳಲಿಲ್ಲ. ರುಮೇನಿಯಾದ ಸಂಪಾದಕ ಅದನ್ನು ವಾಪಸ್ ಕಳಿಸಿದ್ದಕ್ಕೆ ನಾನು ಅವನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಅವನಿಗಾದರೂ ಹೆದರಲು ಒಂದು ಕಾರಣವಿತ್ತು.